ಬೌರಿಂಗ್‌ಟನ್, ಬೌರಿಂಗ್‌ಪೇಟೆ: ಅಧಿಕಾರಿಯ ಹೆಸರು ಮತ್ತು ನೆಲದ ಋಣ

ಮದರಾಸಿನ ಕಡೆಯಿಂದ ಬಂದ ರೈಲುಹಳಿ ಜೋಲಾರಪೇಟೆಯನ್ನು ದಾಟಿ 1864ರಲ್ಲಿ ಬೆಂಗಳೂರಿನ ದಂಡುಪ್ರದೇಶವನ್ನು ಮುಟ್ಟಿದಾಗ ಮೈಸೂರಿನ ಆಡಳಿತ ಸೂತ್ರ ಲೆವಿನ್ ಬೆಂಥಮ್ ಬೌರಿಂಗ್ ಎಂಬ ಕಮಿಷನರನ ಕೈಯಲ್ಲಿತ್ತು. ಕೋಲಾರ ಸೀಮೆಯ ಆ ಹಳಿಯ ಮೇಲೆ, ನಿಲ್ದಾಣದ ಸುತ್ತ ಬೆಳೆದ ಊರಿಗೆ ಅವನ ಹೆಸರನ್ನೇ ಇಟ್ಟು ಬೌರಿಂಗ್‌ಪೇಟೆ ಎಂದು ಕರೆದರು. ಮುಂದೆ ಆ ಹೆಸರು ಹೋಗಿ ಬಂಗಾರಪೇಟೆ ಎಂಬುದು ನಿಂತಿತು. ಪರಕೀಯ ಅಧಿಕಾರಿಯ ಹೆಸರು ಅಳಿಸಿ ನೆಲದ ಹೆಸರು ಬಂದಿತೆಂದು ಸ್ಥಳಚರಿತ್ರೆಯ ಲೇಖಕರು ಸಂತೋಷಪಡುತ್ತಾರೆ. ಆ ಸಂತೋಷಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಪರೀಕ್ಷಿಸುವ ಕಾಲ ಬಂದಿದೆ.

ಪರೀಕ್ಷೆಯನ್ನು ಕೋಲಾರದಿಂದ ಬಹು ದೂರದಲ್ಲಿ ಆರಂಭಿಸುವುದು ಲೇಸು. ಲೆವಿನ್ ಬೌರಿಂಗನ ತಂದೆ ಸರ್ ಜಾನ್ ಬೌರಿಂಗ್. ತತ್ತ್ವಜ್ಞಾನಿ ಜೆರೆಮಿ ಬೆಂಥಮನ ಶಿಷ್ಯ. ಮಗನ ಹೆಸರಿನ ನಡುವೆ ‘ಬೆಂಥಮ್’ ಸೇರಿದ್ದು ಆ ಗುರುಭಕ್ತಿಯಿಂದಲೇ. ಅವನು ಇಂಗ್ಲೆಂಡಿನ ಪಾರ್ಲಿಮೆಂಟಿನ ಸದಸ್ಯನಾಗಿದ್ದ ಕಾಲದಲ್ಲಿಯೇ, 1840ರ ದಶಕದಲ್ಲಿ, ವೇಲ್ಸ್ ದೇಶದ ಗ್ಲಾಮರ್ಗನ್ ಸೀಮೆಯ ಮೈಸ್ಟೆಗ್ ಎಂಬಲ್ಲಿ ಕಬ್ಬಿಣದ ಕಾರ್ಖಾನೆಗೆ ಹಣ ಹೂಡಿ ಅದರ ಅಧ್ಯಕ್ಷನಾದನು. ಕಾರ್ಖಾನೆಯ ಸುತ್ತಣ ಪ್ರದೇಶಕ್ಕೆ ‘ಬೌರಿಂಗ್‌ಟನ್’ ಎಂಬ ಹೆಸರೂ ಬಂದಿತು. ಕಬ್ಬಿಣದ ವ್ಯಾಪಾರ ಕುಸಿದು ಅವನ ಬಂಡವಾಳ ಮುಳುಗಿದ ಮೇಲೆ, 1849ರಲ್ಲಿ, ಅವನು ಚೀನಾದ ಕ್ಯಾಂಟನ್ನಿಗೆ ಕಾನ್ಸಲ್ ಆಗಿ ಹೋದನು. ಬೌರಿಂಗ್‌ಟನ್ ಎಂಬ ಹೆಸರು ಬಳಕೆಯಿಂದ ತಪ್ಪಿಹೋಯಿತು, ಮೈಸ್ಟೆಗ್ ಉಳಿಯಿತು. ತಂದೆಯ ಹೆಸರು ವೇಲ್ಸಿನ ಕಬ್ಬಿಣದ ನೆಲದಿಂದಲೂ ಮಗನ ಹೆಸರು ಕೋಲಾರದ ಚಿನ್ನದ ನೆರೆಯಿಂದಲೂ ಮಾಸಿದವು.

ಹೆಸರು ಅಳಿದರೆ ನ್ಯಾಯವಾಯಿತೆಂದು ತಿಳಿಯುವವರು ಈ ಎರಡು ಊರುಗಳನ್ನು ಜೊತೆಗಿಟ್ಟು ನೋಡಬೇಕು. ಎರಡು ಕಡೆಯಲ್ಲೂ ಹಲಗೆಯ ಮೇಲಿನ ಅಕ್ಷರ ಬದಲಾಯಿತು. ಅಧಿಕಾರ ಯಾರಿಗೆ ಉತ್ತರ ಹೇಳಬೇಕಾಗಿತ್ತು, ಲಾಭ ಯಾರ ಕೈ ಸೇರಿತು, ಯಾರ ಹೆಸರು ಬರೆಯದೆ ಉಳಿಯಿತು ಎಂಬ ಪ್ರಶ್ನೆಗಳು ಇದ್ದಲ್ಲಿಯೇ ಇವೆ. ಕೋಲಾರ ಚಿನ್ನದ ಗಣಿಯ ಪ್ರಚಲಿತ ಚರಿತ್ರೆ ಈ ಪ್ರಶ್ನೆಗಳನ್ನು ಕೇಳದೆ ಬೆಳೆದಿರುವ ಚರಿತ್ರೆ. ಅದು ಅಧಿಕಾರಿಗಳ ಮತ್ತು ಉದ್ಯಮಿಗಳ ನಾಮಾವಳಿ: 1802ರಲ್ಲಿ ವಾರೆನ್ ಕಂಡನು, 1873ರಲ್ಲಿ ಲ್ಯಾವೆಲ್ ಅರ್ಜಿ ಹಾಕಿದನು, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು, ಬಳಿಕ ‘ಪುಟ್ಟ ಇಂಗ್ಲೆಂಡ್’ ಅರಳಿತು. ಈ ನಾಮಾವಳಿಯನ್ನು ಕನ್ನಡದ ಪತ್ರಿಕೆಗಳೂ ಪ್ರವಾಸದ ಪುಸ್ತಕಗಳೂ ಚಲನಚಿತ್ರದ ಗುಂಗಿನಲ್ಲಿ ಬರೆದ ಲೇಖನಗಳೂ ಪ್ರಶ್ನಿಸದೆ ಪಠಿಸುತ್ತಿವೆ.

ಮೊದಲನೆಯ ಹೆಸರನ್ನೇ ತೆಗೆದುಕೊಳ್ಳಬಹುದು. ಲೆಫ್ಟಿನೆಂಟ್ ಜಾನ್ ವಾರೆನ್ ಬ್ರಿಟಿಷ್ ಸೇನೆಯನ್ನು ಸೇರಿದವನು. ಟಿಪ್ಪುವಿನ ಪತನದ ನಂತರ ಮೈಸೂರಿನ ಎಲ್ಲೆಗಳನ್ನು ಅಳೆಯುವ ಕಾರ್ಯ ನಡೆದಾಗ, 1802ರಲ್ಲಿ, ರಾಜ್ಯದ ಪೂರ್ವದ ಗಡಿಯ ಕೆಲಸ ಅವನ ಪಾಲಿಗೆ ಬಂದಿತು. ಆ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕಿವಿಗೆ ಬಿದ್ದು, ತೋರಿಸಿದವರಿಗೆ ಬಹುಮಾನವೆಂದು ಸಾರಿಸಿದನು. ಉರಿಗಾಮಿನ ಹಳ್ಳಿಗರು ಮಣ್ಣು ತಂದರು. ಅವನ ಕಣ್ಣೆದುರಿನಲ್ಲಿಯೇ ಅದನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿ ಹತ್ತಾರು ಅಡಿ ಆಳದ ಗುಂಡಿಗಳಲ್ಲಿ ಇಳಿದು ಕಲ್ಲು ಕೀಳುವವರನ್ನೂ, ಆ ಕಲ್ಲನ್ನು ಕುಟ್ಟಿ ತೊಳೆಯುವ ಹೆಂಗಸರನ್ನೂ ಅವನು ಕಂಡನು. ಕಂಡುದನ್ನು ಬರೆದನು. ಆ ವರದಿ ಮುಂದೆ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಗಿ ಲ್ಯಾವೆಲ್‌ನಂಥವರ ಕೈಗೆ ಸಿಕ್ಕಿತು.

ಇಷ್ಟು ವೃತ್ತಾಂತವೇ ‘ವಾರೆನ್ ಚಿನ್ನವನ್ನು ಕಂಡುಹಿಡಿದನು’ ಎಂಬ ವಾಕ್ಯವನ್ನು ಸುಳ್ಳುಮಾಡುತ್ತದೆ. ಕಂಡುಹಿಡಿದವರು ಅವನು ಬರುವ ಮೊದಲೇ ಗುಂಡಿಯಲ್ಲಿದ್ದರು. ವಾರೆನ್ ಮಾಡಿದ್ದು ವರದಿ, ಮತ್ತು ಅದು ಒಳ್ಳೆಯ ವರದಿ. ನೋಡಿದ್ದನ್ನು ನೋಡಿದಂತೆ ಬರೆದ ಅಧಿಕಾರಿ ಅವನು. ದೋಷ ಅವನ ವರದಿಯನ್ನು ಶೋಧವೆಂದು ಓದಿದವರದು. ಮದರಾಸಿನ ವೇಧಶಾಲೆಯಲ್ಲಿ ಕೆಲಸ ಮಾಡಿ, ಭಾರತೀಯ ಪಂಚಾಂಗ ಪದ್ಧತಿಗಳ ಮೇಲೆ 1825ರಲ್ಲಿ ‘ಕಾಲಸಂಕಲಿತ’ ಎಂಬ ಗ್ರಂಥವನ್ನು ಹೊರತಂದ ವಿದ್ವಾಂಸನವನು. ಅಂಥವನ ಕೀರ್ತಿಗೆ ಹಳ್ಳಿಗರ ಶೋಧವನ್ನು ಕಸಿದು ಕಟ್ಟುವ ಅಗತ್ಯವೇ ಇಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಆ ಕಾಲದ ಯೂರೋಪಿನ ಅಧಿಕಾರಿ ಹಳ್ಳಿಯವರ ಹೆಸರನ್ನು ಬರೆದಿಡಬೇಕೆಂದು ಅಪೇಕ್ಷಿಸುವುದು ಇಂದಿನ ನೀತಿಯನ್ನು ಅಂದಿನ ಕಾಲಕ್ಕೆ ಹೊರಿಸಿದಂತೆ ಎಂಬುದೇ ಆ ಆಕ್ಷೇಪ. ಉತ್ತರ ಅದೇ ಮೈಸೂರಿನ ಅದೇ ವರ್ಷಗಳ ಸರ್ವೇಕ್ಷಣೆಯಲ್ಲಿದೆ. ಅದರ ಮುಖ್ಯಸ್ಥ ಕಾಲಿನ್ ಮೆಕೆಂಜಿ ತನ್ನ ಸಹಾಯಕರಾದ ಕಾವಲಿ ಸೋದರರ ಹೆಸರನ್ನೂ ಜೈನ ಪಂಡಿತ ಧರ್ಮಯ್ಯನ ಹೆಸರನ್ನೂ ದಾಖಲೆಗಳಲ್ಲಿ ಉಳಿಸಿದನು. ಅವರು ಯಾವ ಊರಿನ ಕೈಫಿಯತ್ತು ತಂದರು, ಯಾವ ಶಾಸನವನ್ನು ಓದಿ ಅರ್ಥ ಹೇಳಿದರು ಎಂಬುದು ಇಂದಿಗೂ ತಿಳಿಯುತ್ತದೆ. ಹೆಸರು ಬರೆಯುವ ರೂಢಿ ಅಂದಿಗೂ ಇತ್ತು. ಅದು ಓಲೆಗರಿಯ ವಿದ್ಯೆ ಬಲ್ಲವರಿಗೆ ದೊರೆಯಿತು, ಕಲ್ಲಿನ ವಿದ್ಯೆ ಬಲ್ಲವರಿಗೆ ದೊರೆಯಲಿಲ್ಲ. ಗಣಿಯ ಚರಿತ್ರೆಯನ್ನು ಆಮೇಲೆ ಬರೆದವರು ಈ ಭೇದವನ್ನೇ ಮುಂದುವರಿಸಿದರು.

ಇನ್ನೂ ಹಿಂದಕ್ಕೆ ಹೋದರೆ ಈ ಭೇದ ಮತ್ತಷ್ಟು ನಾಚಿಕೆಗೆ ಕಾರಣವಾಗುತ್ತದೆ. ಕೋಲಾರ ಎಂದರೆ ಗಂಗ ಅರಸರು ತಮ್ಮ ಬಿರುದಿನಲ್ಲಿ ಹೊತ್ತ ಕುವಳಾಲಪುರ. ಆ ಸೀಮೆಯ ಶಾಸನಗಳಿಗೆಂದೇ ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವನ್ನು ಮೀಸಲಿಟ್ಟನು. ದಾನಶಾಸನವೊಂದು ದಾನ ಕೊಟ್ಟವನನ್ನೂ ಪಡೆದವನನ್ನೂ ಹೇಳಿ, ನೆಲದ ನಾಲ್ಕು ಎಲ್ಲೆಗಳನ್ನು ಹೇಳಿ, ಸಾಕ್ಷಿಗಳ ಹೆಸರು ಹೇಳಿ, ಕೊನೆಗೆ ಇದನ್ನು ಅಳಿದವರಿಗೆ ಶಾಪವನ್ನೂ ಹೇಳುತ್ತದೆ. ತುರುಗೊಳ್ಳಿನಲ್ಲಿ ಸತ್ತ ಹಳ್ಳಿಯಾಳಿಗೂ ವೀರಗಲ್ಲಿನ ಮೇಲೆ ಹೆಸರಿನ ಸಾಲು ದೊರೆಯುತ್ತದೆ. ಶಾಸನ ಬರೆಯಿಸಿದ ಅಧಿಕಾರವೇನೂ ಸಮತೆಯ ಅಧಿಕಾರವಾಗಿರಲಿಲ್ಲ. ಅದರ ದಾನವೆಲ್ಲ ರೈತನ ತೆರಿಗೆಯಿಂದಲೇ ಬಂದದ್ದು. ಆದರೂ ಎಲ್ಲೆ, ಸಾಕ್ಷಿ, ಹೊಣೆ ಎಂಬ ಮೂರನ್ನು ಕಲ್ಲಿನಲ್ಲಿ ಸಾರ್ವಜನಿಕವಾಗಿ ನಿಲ್ಲಿಸುವ ಕ್ರಮ ಅಲ್ಲಿತ್ತು. ಹಸು ಕಾಯುತ್ತ ಸತ್ತವನ ಹೆಸರು ಉಳಿದ ಸೀಮೆಯಲ್ಲಿ ಗಣಿಯೊಳಗೆ ಬಂಡೆ ಸಿಡಿದು ಸತ್ತವನ ಹೆಸರು ಊರಿನ ಚರಿತ್ರೆಗೆ ಸೇರಲಿಲ್ಲ.

ವಾರೆನ್ ಬಂದ ಕಾಲದ ಮೈಸೂರಿನಲ್ಲಿ ಅಧಿಕಾರ ಹೇಗೆ ಹಂಚಿಹೋಗಿತ್ತು ಎಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. 1794ರಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಎಂಟರ ಬಾಲಕ. ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದರು. ಅವರ ಮೇಲೆ ಕಂಪನಿಯ ರೆಸಿಡೆಂಟನ ಕಣ್ಣಿತ್ತು. ಎಲ್ಲೆ ಅಳೆಯುವವರು ಮದರಾಸಿನವರು. ನೆಲ ಮೈಸೂರಿನದು, ವರದಿ ಮದರಾಸಿನದು. ಪೂರ್ಣಯ್ಯನವರ ದಕ್ಷತೆಯನ್ನು ರೆಸಿಡೆಂಟರು ಹೊಗಳಿದ್ದಾರೆ. ರೆಸಿಡೆಂಟ್ ಜೋಸಯ್ಯ ವೆಬ್ 1804ರಲ್ಲಿ ತೀರಿಕೊಂಡಾಗ ಪೂರ್ಣಯ್ಯನವರು ಶ್ರೀರಂಗಪಟ್ಟಣದ ಬಳಿ ಸ್ಮಾರಕಸ್ತಂಭ ನಿಲ್ಲಿಸಿದರು. ಅಧಿಕಾರಿ ಅಧಿಕಾರಿಯನ್ನು ನೆನೆಯುವ ಈ ಸೌಜನ್ಯ ತನ್ನಷ್ಟಕ್ಕೆ ಒಳ್ಳೆಯದೇ. ಅಂದಿನ ಸಾರ್ವಜನಿಕ ಜೀವನದಲ್ಲಿ ಹೊಗಳಿಕೆ ಮೇಲಕ್ಕೂ ಅಡ್ಡಕ್ಕೂ ಹರಿಯಿತು, ಕೆಳಕ್ಕೆ ಇಳಿಯಲಿಲ್ಲ ಎಂಬುದಕ್ಕೆ ಆ ಸ್ತಂಭವೂ ಒಂದು ಸಾಕ್ಷಿ.

ಇದು ವಸಾಹತಿನ ವಿಶೇಷವೆಂದು ತಿಳಿದರೆ ತಪ್ಪಾದೀತು. ಕೋಲಾರಕ್ಕೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಯಾಡಳಿತವನ್ನು ಕಲಿತ ತಾಣಗಳಲ್ಲಿ ವೇಲ್ಸ್ ಒಂದು. ಕಂಪನಿಯ ಮೂಲಪುರುಷ ಜಾನ್ ಟೇಲರ್ 1834ರಲ್ಲಿ ಕಾರ್ಡಿಗನ್‌ಷೈರ್ ಸೀಮೆಯಲ್ಲಿ ಲಿಸ್‌ಬರ್ನ್ ಪ್ರಭುವಿನ ಜಮೀನಿನ ಸೀಸದ ಗಣಿಗಳನ್ನು ಗುತ್ತಿಗೆ ಹಿಡಿದನು. ಆ ಸೀಮೆಯ ಅಂದಿನ ಸಾರ್ವಜನಿಕ ಜೀವನ ಹೇಗಿತ್ತು? ನಾಂಟಿಯೊಸ್ ಮನೆತನದ ವಿಲಿಯಂ ಎಡ್ವರ್ಡ್ ಪೊವೆಲ್ 1816ರಿಂದ 1854ರವರೆಗೆ ಅಲ್ಲಿಂದ ಪಾರ್ಲಿಮೆಂಟಿನ ಸದಸ್ಯ. 1817ರಿಂದ 1854ರವರೆಗೆ ಅವನೇ ಸೀಮೆಯ ಲಾರ್ಡ್ ಲೆಫ್ಟಿನೆಂಟ್, ಅಂದರೆ ದೊರೆಯ ಪ್ರತಿನಿಧಿ. ಸೀಮೆಯ ಮ್ಯಾಜಿಸ್ಟ್ರೇಟರನ್ನು ಸೂಚಿಸುವುದು ಆ ಸ್ಥಾನದವನ ಕೆಲಸ. ಅವನ ಮನೆತನ ಸೀಸದ ಗಣಿಗಳಿದ್ದ ಜಮೀನಿನ ಒಡೆತನದ ಮನೆತನಗಳಲ್ಲೊಂದು. ಶಾಸನ ಮಾಡುವ ಸಭೆ, ನ್ಯಾಯ ಹೇಳುವ ಪೀಠ, ಭೂಮಿಯ ಹುಟ್ಟುವಳಿ ಮೂರೂ ನಾಲ್ಕಾರು ಮನೆತನಗಳ ಅಂಗಳದಲ್ಲಿ ಸುತ್ತುತ್ತಿದ್ದವು. ಸುಮಾರು 38 ವರ್ಷ ಒಬ್ಬನೇ ಮನುಷ್ಯ ಎರಡು ದೊಡ್ಡ ಸ್ಥಾನಗಳಲ್ಲಿ ಕುಳಿತಿದ್ದರೆ, ಅವನ ವಿರುದ್ಧ ದೂರು ಹೇಳಬೇಕಾದವನು ಯಾರ ಬಾಗಿಲಿಗೆ ಹೋಗಬೇಕಾಗಿತ್ತು?

ಬಾಗಿಲು ಸಿಕ್ಕರೂ ಭಾಷೆ ಸಿಗುತ್ತಿರಲಿಲ್ಲ. 1536ರ ಕಾಯಿದೆ ವೇಲ್ಸಿನ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಎಂದು ವಿಧಿಸಿ, ವೆಲ್ಷ್ ನುಡಿಯನ್ನೇ ಬಳಸುವವನು ಯಾವ ಸರ್ಕಾರಿ ಸ್ಥಾನವನ್ನೂ ಪಡೆಯಕೂಡದೆಂದು ಸಾರಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜನಸಾಮಾನ್ಯರು ವೆಲ್ಷ್ ಆಡುತ್ತಿದ್ದರು. ಅವರ ಮೇಲೆ ತೀರ್ಪು ಹೇಳುವವರು ಇಂಗ್ಲಿಷ್ ಆಡುತ್ತಿದ್ದರು. ನಡುವೆ ದುಭಾಷಿ ನಿಲ್ಲುತ್ತಿದ್ದನು. ವೇಲ್ಸಿನದೇ ಆದ ಪ್ರತ್ಯೇಕ ಉಚ್ಚ ನ್ಯಾಯಪೀಠವೂ 1830ರಲ್ಲಿ ರದ್ದಾಯಿತು. 1847ರಲ್ಲಿ ವೆಲ್ಷ್ ಬಾರದ ಮೂವರು ಕಮಿಷನರುಗಳು ವೇಲ್ಸಿನ ಶಾಲೆಗಳನ್ನು ಪರಿಶೀಲಿಸಿ, ಜನರ ಅಜ್ಞಾನಕ್ಕೂ ನೀತಿಗೇಡಿಗೂ ಅವರ ಭಾಷೆಯನ್ನೇ ದೂರುವ ವರದಿ ಕೊಟ್ಟರು. ವೇಲ್ಸಿನ ಜನ ಅದನ್ನು ‘ನೀಲಿ ಪುಸ್ತಕಗಳ ದ್ರೋಹ’ ಎಂದು ಇಂದಿಗೂ ಕರೆಯುತ್ತಾರೆ. ಮಾತು ತಿಳಿಯದವರು ಬರೆದ ವರದಿಯಲ್ಲಿ ಮೂಕರಾದವರು ಜನರೇ.

1831 ಎಂಬ ವರ್ಷ ಈ ಎರಡು ದೇಶಗಳ ಚರಿತ್ರೆಯಲ್ಲೂ ಒಟ್ಟಿಗೆ ಎದ್ದು ನಿಲ್ಲುತ್ತದೆ. ಆ ವರ್ಷದ ಜೂನ್ ತಿಂಗಳಲ್ಲಿ ವೇಲ್ಸಿನ ಕಬ್ಬಿಣದ ಊರಾದ ಮೆರ್ಥರ್ ಟಿಡ್‌ಫಿಲ್‌ನಲ್ಲಿ ಕೂಲಿ ಕಡಿತ ಮತ್ತು ಸಾಲದ ಜಪ್ತಿಗಳಿಂದ ಬೆಂದ ಕಾರ್ಮಿಕರು ದಂಗೆ ಎದ್ದರು. ಕಾರ್ಖಾನೆಯ ಒಡೆಯರೂ ಮ್ಯಾಜಿಸ್ಟ್ರೇಟರೂ ಒಂದೇ ಹೋಟೆಲಿನಲ್ಲಿ ಕೂಡಿದ್ದಾಗ ಹೊರಗೆ ನೆರೆದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು; ಹದಿನಾರಕ್ಕೆ ಕಡಿಮೆಯಿಲ್ಲದ ಜನ ಸತ್ತರು. ಡಿಕ್ ಪೆಂಡೆರಿನ್ ಎಂದು ಜನ ಕರೆಯುವ ರಿಚರ್ಡ್ ಲೂಯಿಸ್ ಎಂಬ ತರುಣನನ್ನು ಸೈನಿಕನೊಬ್ಬನನ್ನು ಇರಿದ ಆರೋಪದ ಮೇಲೆ ಆಗಸ್ಟ್ 13ರಂದು ಕಾರ್ಡಿಫ್‌ನಲ್ಲಿ ಗಲ್ಲಿಗೇರಿಸಿದರು. ಅವನು ನಿರಪರಾಧಿ ಎಂಬುದು ವೇಲ್ಸಿನ ಜನರ ದೃಢವಾದ ನಂಬಿಕೆ. ಮರುವರ್ಷ ಮೆರ್ಥರ್‌ಗೆ ಪಾರ್ಲಿಮೆಂಟಿನಲ್ಲಿ ಸ್ಥಾನ ದೊರೆಯಿತು. ಆ ಸ್ಥಾನದಲ್ಲಿ ಕುಳಿತವನು ಡೌಲೈಸ್ ಕಬ್ಬಿಣದ ಕಾರ್ಖಾನೆಯ ಒಡೆಯ ಜೋಸಯ್ಯ ಜಾನ್ ಗೆಸ್ಟ್.

ಅದೇ 1831ರಲ್ಲಿ ಮೈಸೂರಿನ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯದ ಅನ್ಯಾಯದ ವಿರುದ್ಧ ನಿಂತಿದ್ದರು. ದಂಗೆ ಅಡಗಿದ ಮೇಲೆ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜರಿಂದ ಆಡಳಿತವನ್ನು ಕಿತ್ತುಕೊಂಡನು. ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಎಂಬ ನಾಲ್ವರ ವಿಚಾರಣಾ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಅರಸರ ಮೇಲಿನ ದೂರುಗಳಲ್ಲಿ ಅತಿಶಯೋಕ್ತಿಯಿತ್ತೆಂಬುದು ಆ ವರದಿಯಿಂದಲೇ ಹೊರಬಿದ್ದಿತು. ಆದರೂ ಕಮಿಷನರ ಆಳ್ವಿಕೆ ನಿಲ್ಲಲಿಲ್ಲ. ಮೈಸೂರು ಮರಳಿ ಅರಸರ ಕೈ ಸೇರಿದ್ದು 1881ರಲ್ಲಿ. ರೈತನ ಕೂಗನ್ನು ಕಾರಣವಾಗಿ ತೋರಿಸಿ ಪಡೆದ ಅಧಿಕಾರ ಐವತ್ತು ವರ್ಷ ರೈತನಿಗೆ ಉತ್ತರ ಹೇಳಲಿಲ್ಲ. ಉತ್ತರ ಹೋಗುತ್ತಿದ್ದದ್ದು ಕಲ್ಕತ್ತೆಗೆ ಮತ್ತು ಲಂಡನ್ನಿಗೆ.

ಕೋಲಾರದ ಚಿನ್ನ ಪರಭಾರೆಯಾದದ್ದು ಈ ಐವತ್ತು ವರ್ಷಗಳ ಒಳಗೆ ಎಂಬುದನ್ನು ಗಣಿಯ ಚರಿತ್ರಕಾರರು ಒತ್ತಿ ಹೇಳುವುದೇ ಇಲ್ಲ. ಹಳೆಯ ಗುಂಡಿಗಳಲ್ಲಿ ಅಪಘಾತಗಳಾದವೆಂದು 1859ರಲ್ಲಿ ನೆಲದಡಿಯ ಗಣಿಗಾರಿಕೆಯನ್ನು ನಿಷೇಧಿಸಲಾಯಿತೆಂದು ಗಣಿಯ ಚರಿತ್ರೆಗಳೇ ತಿಳಿಸುತ್ತವೆ. ಹಳ್ಳಿಗನ ಪ್ರಾಣದ ಮೇಲಿನ ಕಾಳಜಿಯೆಂದು ಅದನ್ನು ಒಪ್ಪಿಕೊಳ್ಳೋಣವೆಂದರೆ, ಹದಿನಾಲ್ಕು ವರ್ಷಗಳ ತರುವಾಯ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಅದೇ ನೆಲಕ್ಕೆ ಅರ್ಜಿ ಹಾಕಿದಾಗ ಆ ಕಾಳಜಿ ಅಡ್ಡಬರಲಿಲ್ಲ, ಗುತ್ತಿಗೆ ದೊರೆಯಿತು. ಆ ಗುತ್ತಿಗೆ ಕೈಯಿಂದ ಕೈಗೆ ಮಾರಾಟವಾಗಿ 1880ರಲ್ಲಿ ಟೇಲರ್ ಕಂಪನಿಯ ಆಡಳಿತಕ್ಕೆ ಬಂದಿತು. 1873ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹತ್ತು ವರ್ಷ. 1802ರಲ್ಲಿ ವರದಿ ಬರೆದಾಗ ಅರಸು ಬಾಲಕ, 1873ರಲ್ಲಿ ಅರ್ಜಿ ಬಂದಾಗಲೂ ಅರಸು ಬಾಲಕ. ಒಡೆಯನು ಮಾತಾಡಲಾರದ ಎರಡು ಗಳಿಗೆಗಳಲ್ಲಿ ಅಧಿಕಾರಿಗಳು ಮಾತಾಡಿದರು. ಮಾರಿಕುಪ್ಪದವರ ಮಾತನ್ನು ಎರಡು ಸಲವೂ ಯಾರೂ ಕೇಳಲಿಲ್ಲ.

ಅರಸೊತ್ತಿಗೆ ಮರಳಿದ ಮೇಲೆ ಪರಿಸ್ಥಿತಿ ನೇರವಾಯಿತೆಂದು ಭಾವಿಸುವವರೂ ಇದ್ದಾರೆ. ಗಣಿ ಕೊಡುವ ರಾಜಧನ ಮೈಸೂರು ಸರ್ಕಾರದ ಮುಖ್ಯ ಆದಾಯಗಳಲ್ಲೊಂದಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರು ದೂರ ಹರಿದು ಮೊದಲು ಮುಟ್ಟಿದ್ದು ಗಣಿಯನ್ನು. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯ ಆ ಯೋಜನೆ ಏಷ್ಯದಲ್ಲಿಯೇ ಹೆಸರಾದುದು, ನಿಜ. ಆದರೆ ಕಂಪನಿಯ ಲಾಭದಲ್ಲಿ ಪಾಲು ಪಡೆಯುವ, ಕಂಪನಿಗೆ ವಿದ್ಯುತ್ತನ್ನು ಮಾರುವ ಸರ್ಕಾರವೇ ಕಂಪನಿಗೂ ಕಾರ್ಮಿಕನಿಗೂ ನಡುವೆ ನ್ಯಾಯಾಧೀಶನಾಗಿ ನಿಲ್ಲಬೇಕಾಗಿತ್ತು. ನಾಂಟಿಯೊಸಿನ ಪೊವೆಲ್‌ನಲ್ಲಿ ಕಾಣುವ ದೋಷ ಮೈಸೂರಿನ ಮಾದರಿ ಸಂಸ್ಥಾನದಲ್ಲೂ ಇತ್ತೆಂದು ಹೇಳುವುದಕ್ಕೆ ಕನ್ನಡದ ಚರಿತ್ರಕಾರರು ಅಳುಕಬಾರದು. ಗಣಿಯ ಊರಿಗೆ ಬಹುಕಾಲ ಸ್ಯಾನಿಟರಿ ಬೋರ್ಡಿನ ಆಡಳಿತವಿತ್ತು. ಊರಿನ ಪೇಟೆಗಳಿಗೆ ರಾಬರ್ಟ್‌ಸನ್ ಎಂಬ ರೆಸಿಡೆಂಟನ ಹೆಸರೂ ಆ್ಯಂಡರ್‌ಸನ್ ಹೆಸರೂ ಬಂದು ಇಂದಿಗೂ ಉಳಿದಿವೆ. ಆ ಪೇಟೆಗಳಲ್ಲಿ ನೆಲೆಸಿದ ಸಾವಿರಾರು ಜನ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತಿನ ದಲಿತರು. ಅವರ ಹೆಸರು ಕೇಳದ ಕಂಪನಿಗಳು ಅವರ ಬೆರಳು ಕೇಳಿದವು: 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆ ಬಂದಾಗ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ತಮ್ಮನ್ನು ಕಳ್ಳರಂತೆ ಕಾಣುವುದನ್ನು ಒಪ್ಪುವುದಿಲ್ಲವೆಂಬುದು ಅವರ ನಿಲುವಾಗಿತ್ತು. ಅಧಿಕಾರಿಗಳ ನಾಮಾವಳಿಯಲ್ಲಿ ಈ ಘಟನೆಗೆ ಒಂದು ಸಾಲೂ ಇರುವುದಿಲ್ಲ.

ಎದುರು ಪಕ್ಷದ ವಾದವನ್ನು ನ್ಯಾಯವಾಗಿ ಮುಂದಿಡಬೇಕು. ಕಬ್ಬನ್ ರಸ್ತೆಗಳನ್ನು ಮಾಡಿಸಿದನು. ಬೌರಿಂಗನ ಕಾಲದಲ್ಲಿ ಶಾಲೆಗಳು ಬಂದವು; ಮೈಸೂರಿನ ಶಾಸನಗಳ ಛಾಯಾಚಿತ್ರ ತೆಗೆಸಿದವನೂ ಅವನೇ, ರೈಸ್‌ನ ಕಾರ್ಯಕ್ಕೆ ಅದು ಒಂದು ಮೆಟ್ಟಿಲಾಯಿತು. ಕನ್ನಡ ಶಾಸನಗಳನ್ನು ಓದುವ ಯಾವ ವಿದ್ವಾಂಸನೂ ಆ ಉಪಕಾರವನ್ನು ಮರೆಯಲಾರ. ಗಣಿಯು ಆಸ್ಪತ್ರೆಯನ್ನೂ ಕೂಲಿಯನ್ನೂ ಬರಗಾಲದ ಹಳ್ಳಿಗಳಿಗೆ ಆಸರೆಯನ್ನೂ ಕೊಟ್ಟಿತು. ಇವೆಲ್ಲವೂ ಸತ್ಯ. ಅಧಿಕಾರಿ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯಲ್ಲೇ ಚರಿತ್ರೆ ನಿಂತುಬಿಟ್ಟರೆ ಈ ಸತ್ಯಗಳಿಂದ ಏನೂ ಸಾಧಿತವಾಗುವುದಿಲ್ಲ. ಮೈಸ್ಟೆಗ್‌ನಲ್ಲಿ ಜಾನ್ ಬೌರಿಂಗನೂ ಉದಾರಿ ಒಡೆಯನೆಂದು ಹೆಸರಾಗಿದ್ದನು. ಒಡೆಯನ ಔದಾರ್ಯ ಅವನ ಬಂಡವಾಳ ಮುಳುಗಿದ ದಿನ ಅವನೊಡನೆ ಹಡಗು ಹತ್ತಿತು; ಕೆಲಸಗಾರರು ಅಲ್ಲಿಯೇ ಉಳಿದರು. ಔದಾರ್ಯ ಬಂದಂತೆ ಹೋಗುತ್ತದೆ. ಕೇಳುವ ಹಕ್ಕು ಇದ್ದಾಗ ಮಾತ್ರ ಬಂದದ್ದು ನಿಲ್ಲುತ್ತದೆ.

ಇನ್ನೊಂದು ಪಕ್ಷ ಹೆಸರು ಬದಲಿಸಿದರೆ ಸಾಕೆನ್ನುವವರದು. ಇವರಿಗೂ ವೇಲ್ಸ್ ಪಾಠ ಹೇಳುತ್ತದೆ. ಥಾಮಸ್ ಪಿಕ್ಟನ್ ಎಂಬ ವೆಲ್ಷ್ ಸೇನಾನಿ ಟ್ರಿನಿಡಾಡ್ ದ್ವೀಪದ ಗವರ್ನರನಾಗಿದ್ದಾಗ ಲೂಯಿಸಾ ಕಾಲ್ಡೆರಾನ್ ಎಂಬ ಎಳೆಯ ಹುಡುಗಿಗೆ ಚಿತ್ರಹಿಂಸೆ ಕೊಡಲು ಅಪ್ಪಣೆ ಮಾಡಿದನು; 1806ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಅವನ ಅಪರಾಧ ಸ್ಥಾಪಿತವಾದರೂ ಮರುವಿಚಾರಣೆಯ ನಂತರ ಶಿಕ್ಷೆಯಾಗಲಿಲ್ಲ. ಅವನು ಪಾರ್ಲಿಮೆಂಟಿನ ಸದಸ್ಯನೂ ಆಗಿ, 1815ರಲ್ಲಿ ವಾಟರ್ಲೂ ರಣದಲ್ಲಿ ಸತ್ತು, ವೀರನಾಗಿ ಮೆರೆದನು. ಕಾರ್ಡಿಫ್ ನಗರಸಭೆಯ ಭವನದಲ್ಲಿದ್ದ ಅವನ ಶಿಲ್ಪವನ್ನು ತೆಗೆಯಬೇಕೆಂದು 2020ರಲ್ಲಿ ನಿರ್ಣಯವಾಗಿ ಅದಕ್ಕೆ ಹಲಗೆಯ ಮುಚ್ಚಿಗೆ ಹಾಕಿದರು. ಮುಚ್ಚಿದ್ದು ಸರಿಯೇ ಇರಬಹುದು. ಲೂಯಿಸಾ ಕಾಲ್ಡೆರಾನಳ ಹೆಸರನ್ನು ಮುಂದೆ ಬರುವ ಮಕ್ಕಳು ಎಲ್ಲಿ ಓದಬೇಕು ಎಂಬುದು ಮುಚ್ಚಿದವರು ಉತ್ತರಿಸಬೇಕಾದ ಪ್ರಶ್ನೆ. ಬಂಗಾರಪೇಟೆಯೂ ಅಂಥದೇ ಹಲಗೆ. ‘ಬಂಗಾರ’ ಎಂಬ ಕನ್ನಡದ ಮಾತು ಬೌರಿಂಗನನ್ನು ಮರೆಮಾಡಿತು. ಬಂಗಾರ ತೆಗೆದವರನ್ನು ಹೊರಗೆ ತರಲಿಲ್ಲ.

ಕನ್ನಡಿಗರು ತಮಗೆ ತಾವೇ ಕೇಳಿಕೊಳ್ಳಬೇಕಾದ ಕಹಿಯಾದ ಮಾತೊಂದಿದೆ. 1536ರ ಕಾಯಿದೆಯ ಅನ್ಯಾಯವನ್ನು ಓದಿ ವೆಲ್ಷ್ ನುಡಿಗಾಗಿ ಮರುಗುವ ಕನ್ನಡದ ಓದುಗ, ಗಣಿಯ ಊರಿನ ತಮಿಳು ಮಾತಿನ ಮುದುಕಿ ಕಚೇರಿಯ ಕಿಟಕಿಯೆದುರು ನಿಂತಾಗ ಯಾವ ಪಕ್ಷದಲ್ಲಿ ನಿಲ್ಲುತ್ತಾನೆ? ಕನ್ನಡ ಈ ರಾಜ್ಯದ ಆಡಳಿತ ಭಾಷೆ, ಅದರಲ್ಲಿ ರಾಜಿಯಿಲ್ಲ. ಆದರೆ ಮೂರು ನಾಲ್ಕು ತಲೆಮಾರುಗಳಿಂದ ಆ ನೆಲದಡಿಯಲ್ಲಿ ದುಡಿದು ಮೈಸೂರಿನ ಬೊಕ್ಕಸ ತುಂಬಿದವರನ್ನು ಹೊರಗಿನವರೆಂದು ಕರೆಯುವ ಬಾಯಿಗೆ ನೀಲಿ ಪುಸ್ತಕದ ಕಮಿಷನರನನ್ನು ಬೈಯುವ ಅಧಿಕಾರವಿಲ್ಲ. ಕಚೇರಿಯ ಭಾಷೆ ಜನರಿಗೆ ಬಾಗಿಲಾಗಬೇಕು. ಅದು ಗೋಡೆಯಾದರೆ, ಆ ಗೋಡೆ ಇಂಗ್ಲಿಷಿನದಾದರೂ ಕನ್ನಡದ್ದಾದರೂ ಹೊರಗೆ ನಿಂತವನಿಗೆ ಒಂದೇ.

ಗಣಿಯ ಕಥೆಯ ಕೊನೆಯೂ ಆರಂಭದಂತೆಯೇ ಇದೆ. 1956ರಲ್ಲಿ ರಾಷ್ಟ್ರೀಕರಣವಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆ ರೂಪುಗೊಂಡಿತು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತೆಂದು ಲೆಕ್ಕ ಹೇಳುತ್ತಾರೆ. ಮೂರು ಕಿಲೋಮೀಟರಿಗೂ ಮೀರಿದ ಆಳ, ಬಂಡೆಸಿಡಿತದ ಸಾವು, ಕಲ್ಲಿನ ಧೂಳು ತುಂಬಿದ ಶ್ವಾಸಕೋಶ ಇವುಗಳಿಗೆ ಅಂಥ ಪ್ರಸಿದ್ಧ ಲೆಕ್ಕವಿಲ್ಲ. ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು. ಗಾಳಿಯ ದಿನಗಳಲ್ಲಿ ಅವುಗಳ ಧೂಳು ಮನೆಗಳ ಮೇಲೆ ಬೀಳುತ್ತದೆ. ಮಾರಿಕುಪ್ಪದಿಂದ ಹೊರಟ ಮುಂಜಾನೆಯ ರೈಲು ಬಂಗಾರಪೇಟೆಯ ಮೂಲಕ ಗಣಿಗಾರರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಬೆಂಗಳೂರಿನ ಕೆಲಸಕ್ಕೆ ಒಯ್ದು, ರಾತ್ರಿ ಮರಳಿ ತರುತ್ತದೆ. ಚಿನ್ನ ಹೊತ್ತೊಯ್ಯಲು ಹಾಕಿದ ಹಳಿಯ ಮೇಲೆ ಈಗ ಕೂಲಿ ಹೋಗಿಬರುತ್ತದೆ.

ಆದುದರಿಂದ ಕೋಲಾರ ಗಣಿಯ ಚರಿತ್ರೆಯನ್ನು ಮುಂದೆ ಬರೆಯುವವರಿಂದ ಮೂರು ಕೆಲಸಗಳನ್ನು ಬಯಸುವುದು ಅತಿಯಾಗಲಾರದು. ‘ವಾರೆನ್ ಕಂಡುಹಿಡಿದನು’ ಎಂಬ ವಾಕ್ಯವನ್ನು ‘ಉರಿಗಾಮು, ಮಾರಿಕುಪ್ಪಗಳ ಜನ ವಾರೆನ್ನನಿಗೆ ತೋರಿಸಿದರು’ ಎಂದು ತಿದ್ದಬೇಕು. ಗಣಿಯ ಕಂಪನಿಗಳ ಹಾಜರಿಯ ಪುಸ್ತಕ, ಅಪಘಾತದ ದಾಖಲೆ, ಪರಿಹಾರದ ಕಡತಗಳಲ್ಲಿ ಉಳಿದಿರುವುದನ್ನು ಹಳೆಯ ಕಾಗದವೆಂದು ಕೊಳೆಯಲು ಬಿಡದೆ, ತಾಳೆಗರಿಯ ಕಟ್ಟುಗಳಿಗೆ ಕೊಡುವ ಗೌರವವನ್ನೇ ಕೊಟ್ಟು ಸಂರಕ್ಷಿಸಿ ಅಚ್ಚು ಹಾಕಬೇಕು. ಪ್ರತಿಯೊಬ್ಬ ಅಧಿಕಾರಿಯ ಹೆಸರಿನ ಮುಂದೆ ಅವನು ಕಟ್ಟಿಸಿದ್ದೇನು ಎಂಬುದರ ಜೊತೆಗೆ ಅವನು ಯಾರಿಗೆ ಉತ್ತರ ಹೇಳುತ್ತಿದ್ದನು ಎಂಬುದನ್ನೂ ಬರೆಯಬೇಕು. ಈ ನಿಯಮ ಬೌರಿಂಗನಿಗೆ ಅನ್ವಯಿಸಿದಂತೆ ದಿಬ್ಬಗಳ ಧೂಳಿಗೆ ಇಂದು ಹೊಣೆಯಾದವರಿಗೂ ಅನ್ವಯಿಸಬೇಕು.

ಸಾವಿರ ವರ್ಷದ ಹಿಂದೆ ಇದೇ ಸೀಮೆಯ ಊರೊಂದು ತನ್ನ ದನಗಳಿಗಾಗಿ ಸತ್ತವನಿಗೆ ಕಲ್ಲು ನೆಟ್ಟು ಹೆಸರು ಕೆತ್ತಿಸಿತು. ಅದಕ್ಕೆ ಬೇಕಾದದ್ದು ಒಂದು ಬಂಡೆ, ಒಂದು ಉಳಿ, ಸತ್ತವನು ತಮ್ಮವನೆಂಬ ಒಪ್ಪಿಗೆ. ಚಾಂಪಿಯನ್ ರೀಫ್‌ನ ಬಾವಿಗಳ ಸುತ್ತ ಬಂಡೆಗೆ ಬರವಿಲ್ಲ.